ಕರೆಂಟು ಮರಳುವ ದಾರಿ

ಹಾಸನ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿ. ಬೆಳಗಿನ ಆರೂವರೆ ಗಂಟೆ. ಕ್ಯಾನು, ತಂಬಿಗೆ, ಸ್ಟೀಲಿನ ಪಾತ್ರೆ ಹಿಡಿದವರ ಸಾಲು ಬಾಗಿಲಿನಾಚೆಗೂ ಬೆಳೆದಿತ್ತು. ಒಬ್ಬರ ಹಾಲು ತೂಗಿ ಮುಗಿದು, ಅವರ ಚೀಟಿ ಪುಟ್ಟ ಪ್ರಿಂಟರಿನಿಂದ ಕಿರ್ರೆಂದು ಹೊರಬರುತ್ತಿರುವಾಗಲೇ ಮುಂದಿನವರ ಹಾಲನ್ನು ತೂಕದ ಬಕೆಟ್ಟಿಗೆ ಸುರಿಯುವುದು ಅಲ್ಲಿನ ರೂಢಿ. ಸರದಿ ಬಂದಾಗ ಅಜ್ಜಿಯೊಬ್ಬರು ತಮ್ಮ ಕ್ಯಾನಿನ ಬಾಯಿಗೆ ಕೈ ಅಡ್ಡ ಹಿಡಿದು ಕಾರ್ಯದರ್ಶಿಗೆ ಹೇಳಿದರು: "ಸ್ವಲ್ಪ ತಡಿಯಪ್ಪಾ. ಆ ಮಷಿನ್ನು ಚೀಟಿ ಕಕ್ಕೋದು ನಿಲ್ಲಲಿ, ಆಮೇಲೆ ನನ್ ಹಾಲು ತೂಗು. ಅದು ಸದ್ದು ಮಾಡ್ತಿರೋವಾಗ ತೂಕ ಕಮ್ಮಿ ಬತ್ತದೆ."

ಕಾರ್ಯದರ್ಶಿ ನನ್ನ ಮುಖ ನೋಡಿದರು. ಆ ತೂಕದ ಮಷಿನ್ ಮಾಡಿದ ಸಣ್ಣ ಘಟಕದವರು ನನ್ನ ಪರಿಚಿತರು. ಕೆಲವು ಸಲ ತೂಕ ಕಮ್ಮಿ ತೋರಿಸುತ್ತದೆ ಎಂದು ದೂರು ಬಂದು, ತಮ್ಮ ಅಂಗಡಿಯಲ್ಲಿ ಎಷ್ಟು ಪರೀಕ್ಷಿಸಿದರೂ ಕಾರಣ ಸಿಗದೆ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದರು. ಅವರು ತಿಂಗಳುಗಟ್ಟಲೆ ಹುಡುಕಿದ ಕಾರಣವನ್ನು ಆ ಅಜ್ಜಿ ದಿನಾ ಸಾಲಿನಲ್ಲಿ ನಿಂತು ನೋಡಿ ಕಂಡುಕೊಂಡಿದ್ದರು.

ಹಾಲು ಹಾಕುವವರೆಲ್ಲ ಹೋದ ಮೇಲೆ ಹತ್ತು ಕೆಜಿಯ ತೂಕದ ಬಟ್ಟು ಇಟ್ಟು ನೋಡಿದೆವು. ಮಷಿನ್ 10.00 ಎಂದಿತು. ಪ್ರಿಂಟರಿನ ಗುಂಡಿ ಒತ್ತಿದೆವು. ಕಾಗದ ಹೊರಬರುತ್ತಿದ್ದಷ್ಟು ಹೊತ್ತು 9.96, ನಿಂತ ಕೂಡಲೇ ಮತ್ತೆ 10.00. ಐದು ಕೆಜಿ ಇಟ್ಟರೆ 4.98. ಏನೂ ಇಡದಿದ್ದರೆ, ಪ್ರಿಂಟರ್ ಎಷ್ಟೇ ಓಡಲಿ, ಸೊನ್ನೆ ಸೊನ್ನೆಯಾಗಿಯೇ ಇತ್ತು. ಅಂಗಡಿಯಲ್ಲಿ ಅವರಿಗೆ ದೋಷ ಸಿಗದಿದ್ದುದು ಇದಕ್ಕೇ: ಪ್ರಿಂಟರನ್ನು ಪರೀಕ್ಷಿಸುವಾಗ ತೂಕದ ತಟ್ಟೆ ಖಾಲಿ ಇರುತ್ತಿತ್ತು, ತೂಕವನ್ನು ಪರೀಕ್ಷಿಸುವಾಗ ಪ್ರಿಂಟರ್ ಸುಮ್ಮನಿರುತ್ತಿತ್ತು. ಹತ್ತು ಕೆಜಿಗೆ ನಲವತ್ತು ಗ್ರಾಂ ಎಂದರೆ ನೂರಕ್ಕೆ 0.4. ದಿನಕ್ಕೆ ಎರಡು ಸಲ ಹಾಲು ಹಾಕುವ ಮನೆಗೆ ವರ್ಷದ ಲೆಕ್ಕದಲ್ಲಿ ಅದು ಸಣ್ಣದಲ್ಲ.

ಈ ಘಟನೆಯನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಪಾಲಿಟೆಕ್ನಿಕ್ ಮೇಷ್ಟರುಗಳು, ಮನೆಯಲ್ಲೇ ಬೋರ್ಡ್ ಮಾಡಿಕೊಳ್ಳುವ ಹವ್ಯಾಸಿಗಳು ನನಗೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಸರ್, ಅನಲಾಗ್ ಗ್ರೌಂಡ್ ಮತ್ತು ಡಿಜಿಟಲ್ ಗ್ರೌಂಡನ್ನು ಬೇರೆ ಬೇರೆ ಇಡಬೇಕೋ, ಒಂದೇ ಮಾಡಬೇಕೋ?" ಒಂದು ಸಾಲಿನ ಉತ್ತರ ಕೊಟ್ಟರೆ ಬರೆದವರಿಗೆ ಸಮಾಧಾನವಾದೀತು, ಅವರ ಬೋರ್ಡಿಗೆ ಆಗುವುದಿಲ್ಲ. ಈ ಪ್ರಶ್ನೆಗಿಂತ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು ಎಂದು ನನಗೆ ಕಲಿಸಿದ್ದು ಆ ಡೇರಿಯ ಮಷಿನ್.

ಮೊದಲು ಎರಡು ಮಾತು, ಹೊಸಬರಿಗಾಗಿ. ತೂಕ, ಉಷ್ಣತೆ, ದನಿ ಇವೆಲ್ಲ ಸರ್ಕ್ಯೂಟಿಗೆ ಬರುವುದು ಏರಿಳಿಯುವ ಸಣ್ಣ ವೋಲ್ಟೇಜಾಗಿ, ಅದು ಅನಲಾಗ್. ಅದನ್ನು ಎಣಿಸಿ ಅಂಕಿ ಮಾಡಿ, ಲೆಕ್ಕ ಹಾಕಿ, ಪರದೆಗೂ ಪ್ರಿಂಟರಿಗೂ ಕಳಿಸುವುದು ಡಿಜಿಟಲ್. ತೂಕದ ಮಷಿನ್ನಿನಲ್ಲಿ ಭಾರ ಹೊರುವ ಲೋಡ್ ಸೆಲ್ಲಿಗೆ 5 ವೋಲ್ಟ್ ಕೊಟ್ಟರೆ, ಅದು ತನ್ನ ಪೂರ್ತಿ ಸಾಮರ್ಥ್ಯದ ಭಾರಕ್ಕೆ ವಾಪಸ್ ಕೊಡುವುದು ಸಾಮಾನ್ಯವಾಗಿ 10 ಮಿಲಿವೋಲ್ಟ್ ಮಾತ್ರ. ಅದೇ ಬೋರ್ಡಿನ ಡಿಜಿಟಲ್ ಭಾಗ 3.3 ವೋಲ್ಟಿನಷ್ಟು ಮೇಲೆ ಕೆಳಗೆ ನೆಗೆಯುತ್ತಿರುತ್ತದೆ; ಅದರಲ್ಲಿ ನೂರಾರು ಮಿಲಿವೋಲ್ಟ್ ಹೆಚ್ಚುಕಮ್ಮಿಯಾದರೂ ಸೊನ್ನೆ ಸೊನ್ನೆಯೇ, ಒಂದು ಒಂದೇ. ಒಂದೇ ಜಗುಲಿಯ ಮೇಲೆ ಒಬ್ಬರು ತಂಬೂರಿಗೆ ಶ್ರುತಿ ಹಿಡಿಯುತ್ತಿದ್ದಾರೆ, ಪಕ್ಕದಲ್ಲಿ ಇನ್ನೊಬ್ಬರು ಚಂಡೆ ಬಾರಿಸುತ್ತಿದ್ದಾರೆ. ಇಬ್ಬರನ್ನೂ ಒಟ್ಟಿಗೆ ಬಾಳಿಸುವುದೇ ಮಿಶ್ರ ಸರ್ಕ್ಯೂಟ್ ವಿನ್ಯಾಸದ ಕೆಲಸ.

ಗ್ರೌಂಡ್ ಎಂಬ ಹೆಸರೇ ನಮ್ಮ ದಾರಿ ತಪ್ಪಿಸುತ್ತದೆ. ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿ ಕಣ್ಮುಂದೆ ಬರುತ್ತದೆ. ಎಷ್ಟು ಸುರಿದರೂ ನುಂಗಿಕೊಳ್ಳುವ ಭೂಮಿಯ ಹಾಗೆ ಸರ್ಕ್ಯೂಟಿನ ಗ್ರೌಂಡ್ ಕೂಡ ಎಲ್ಲ ಕರೆಂಟನ್ನೂ ಹೀರಿ ಸೊನ್ನೆ ವೋಲ್ಟಿನಲ್ಲೇ ನಿಂತಿರುತ್ತದೆ ಎಂದು ನಂಬಿಬಿಡುತ್ತೇವೆ. ನಿಮ್ಮ ಜೇಬಿನ ಮೊಬೈಲಿಗೆ ಭೂಮಿಯ ಸಂಪರ್ಕವೇ ಇಲ್ಲ, ಅದರೊಳಗೂ ಗ್ರೌಂಡ್ ಇದೆ. ಬ್ಯಾಟರಿಯ ಒಂದು ತುದಿಯಿಂದ ಹೊರಟ ಕರೆಂಟು ಇನ್ನೊಂದು ತುದಿಗೆ ಮರಳಲೇಬೇಕು. ಹಾಗೆ ಮರಳುವ ದಾರಿಗೆ ನಾವು ಕೊಟ್ಟ ಹೆಸರು ಗ್ರೌಂಡ್. ದಾರಿ ಎಂದ ಮೇಲೆ ಅದಕ್ಕೆ ಅಗಲವಿದೆ, ಉದ್ದವಿದೆ, ಅಡೆತಡೆಯಿದೆ.

ಬೋರ್ಡಿನ ಮೇಲಿನ ತಾಮ್ರ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ. ಅಷ್ಟು ದಪ್ಪದ ತಾಮ್ರದಲ್ಲಿ ಉದ್ದ ಅಗಲ ಸಮನಾದ ಒಂದು ಚೌಕದ ತುಂಡಿಗೆ, ಚೌಕ ದೊಡ್ಡದಿರಲಿ ಸಣ್ಣದಿರಲಿ, ಸುಮಾರು ಅರ್ಧ ಮಿಲಿಓಮ್ ರೋಧ. ಡೇರಿಯ ಮಷಿನ್ ಬಿಚ್ಚಿದಾಗ ಕಂಡದ್ದು ಇಷ್ಟು: ಪ್ರಿಂಟರಿನ ಕನೆಕ್ಟರೂ ಲೋಡ್ ಸೆಲ್ಲಿನ ಕನೆಕ್ಟರೂ ಬೋರ್ಡಿನ ಒಂದೇ ಅಂಚಿನಲ್ಲಿ ಅಕ್ಕಪಕ್ಕ ಕೂತಿದ್ದವು. ಎರಡರ ಗ್ರೌಂಡ್ ತಂತಿಯೂ ಒಂದೇ ಗೆರೆಗೆ ಸೇರಿ, ಆ ಗೆರೆ 1 ಮಿಲಿಮೀಟರ್ ಅಗಲದಲ್ಲಿ 4 ಸೆಂಟಿಮೀಟರ್ ಹೋಗಿ ಪವರ್ ಸಪ್ಲೈ ಮುಟ್ಟುತ್ತಿತ್ತು. ತೂಕವನ್ನು ಅಂಕಿ ಮಾಡುವ ಎಡಿಸಿ ಚಿಪ್ ಇದ್ದದ್ದು ಆ ಸಪ್ಲೈ ಪಕ್ಕದಲ್ಲಿ. ಗೆರೆಯಲ್ಲಿ ನಲವತ್ತು ಚೌಕ, ಅಂದರೆ 20 ಮಿಲಿಓಮ್. ಪ್ರಿಂಟರ್ ಕಾಗದ ಸುಡುವಾಗ ಸುಮಾರು 1 ಆಂಪಿಯರ್ ಎಳೆಯುತ್ತಿತ್ತು. ಗುಣಿಸಿದರೆ 20 ಮಿಲಿವೋಲ್ಟ್. ಲೋಡ್ ಸೆಲ್ ತನ್ನ ಸೊನ್ನೆ ಎಂದು ನಂಬಿದ ಜಾಗ ಆ ಕ್ಷಣಕ್ಕೆ 20 ಮಿಲಿವೋಲ್ಟ್ ಮೇಲೆ ಎದ್ದು ನಿಲ್ಲುತ್ತಿತ್ತು. ಅದಕ್ಕೆ ಸಿಗುತ್ತಿದ್ದದ್ದು 5 ವೋಲ್ಟಿಗೆ ಬದಲು 4.98. ಕೊರತೆ ನೂರಕ್ಕೆ 0.4, ತೂಕದಲ್ಲಿ ಕಂಡ ಕೊರತೆಯೂ ಅಷ್ಟೇ. ಭಾರವಿಲ್ಲದಾಗ ಲೋಡ್ ಸೆಲ್ಲಿನಿಂದ ಬರುವ ಸಂಕೇತವೇ ಹೆಚ್ಚುಕಮ್ಮಿ ಸೊನ್ನೆ. ಸೊನ್ನೆಯಲ್ಲಿ ನೂರಕ್ಕೆ 0.4 ಕಳೆದರೆ ಉಳಿಯುವುದು ಸೊನ್ನೆಯೇ.

ಅಡಕೆ ತೋಟದವರಿಗೆ ಇದು ಹೊಸದಲ್ಲ. ಮೇಲಿನ ತೋಟಕ್ಕೂ ಕೆಳಗಿನ ತೋಟಕ್ಕೂ ಒಂದೇ ಇಕ್ಕಟ್ಟಾದ ಬಸಿಗಾಲುವೆ ಇದ್ದರೆ, ಮೇಲಿನವರು ನೀರು ಬಿಟ್ಟ ದಿನ ಕೆಳಗಿನವರ ಗಿಡದ ಬುಡದಲ್ಲಿ ನೀರು ನಿಲ್ಲುತ್ತದೆ. ಕೆಳಗಿನವರು ಏನೂ ತಪ್ಪು ಮಾಡಿಲ್ಲ, ಕಾಲುವೆ ಹಂಚಿಕೊಂಡದ್ದೊಂದೇ ಕಾರಣ. ಪಂಪ್‌ಸೆಟ್ ಶುರುವಾದಾಗ ಮನೆಯ ದೀಪ ಒಮ್ಮೆ ಮಂಕಾಗುವುದೂ ಇದೇ ಲೆಕ್ಕ. ನಾವು ಮಾಡಿದ ರಿಪೇರಿ ಹತ್ತು ನಿಮಿಷದ್ದು. ಲೋಡ್ ಸೆಲ್ಲಿನ ಕಪ್ಪು ತಂತಿಯನ್ನು ಆ ಗೆರೆಯಿಂದ ಬಿಡಿಸಿ, ಎಡಿಸಿಯ ಗ್ರೌಂಡ್ ಪಿನ್ನಿನ ಬುಡಕ್ಕೇ ಬೇರೊಂದು ತಂತಿ ಎಳೆದು ಬೆಸುಗೆ ಹಾಕಿದೆವು. ಹತ್ತು ಕೆಜಿ ಬಟ್ಟು ಇಟ್ಟು ಪ್ರಿಂಟರ್ ಓಡಿಸಿದರೆ 10.00 ಅಲುಗಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ "ನೋಡಿ, ಬೇರೆ ಮಾಡಿದ್ದೇ ಪರಿಹಾರ" ಎಂದು ಓದುಗರು ತೀರ್ಮಾನಿಸಬಹುದು. ಬಹಳ ವರ್ಷ ನಾನೂ ಹಾಗೆಯೇ ಹೇಳುತ್ತಿದ್ದೆ. ನನ್ನ ಮನಸ್ಸು ಬದಲಿಸಿದ್ದು ಒಂದು ಕಾಲೇಜಿನ ಲ್ಯಾಬಿನಲ್ಲಿ ಕಳೆದ ಮಧ್ಯಾಹ್ನ.

ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಮಣ್ಣಿನ ತೇವ ಅಳೆಯುವ ಬೋರ್ಡ್ ಮಾಡಿದ್ದಳು. 16 ಬಿಟ್ಟಿನ ಎಡಿಸಿ, 2.5 ವೋಲ್ಟ್ ರೆಫರೆನ್ಸ್. ಒಂದೊಂದು ಮೆಟ್ಟಿಲೂ ಸುಮಾರು 38 ಮೈಕ್ರೋವೋಲ್ಟ್. ಚಿಪ್ಪಿನ ಡೇಟಾಶೀಟಿನಲ್ಲಿ ಅನಲಾಗ್ ಗ್ರೌಂಡ್, ಡಿಜಿಟಲ್ ಗ್ರೌಂಡ್ ಎಂದು ಎರಡು ಪಿನ್ ಇದ್ದವು. ಅವಳು ಶ್ರದ್ಧೆಯಿಂದ ಬೋರ್ಡಿನ ಕೆಳಪದರದ ತಾಮ್ರವನ್ನು ಮಧ್ಯಕ್ಕೆ ಸೀಳಿ ಎರಡು ದ್ವೀಪ ಮಾಡಿದ್ದಳು. ಎರಡೂ ಕೂಡುತ್ತಿದ್ದದ್ದು ಆರು ಸೆಂಟಿಮೀಟರ್ ದೂರದಲ್ಲಿ, ಪವರ್ ಒಳಬರುವ ಮೂಲೆಯಲ್ಲಿ ಮಾತ್ರ. ಎಡಿಸಿಯಿಂದ ಮೈಕ್ರೋಕಂಟ್ರೋಲರಿಗೆ ಹೋಗುವ ನಾಲ್ಕು ಗೆರೆಗಳು ಆ ಸೀಳನ್ನು ದಾಟಿ ಹೋಗುತ್ತಿದ್ದವು. ಇನ್‌ಪುಟ್ ಶಾರ್ಟ್ ಮಾಡಿಟ್ಟರೂ ಅಂಕಿ ಮೂವತ್ತು ನಲವತ್ತು ಮೆಟ್ಟಿಲು ಆಚೀಚೆ ಕುಣಿಯುತ್ತಿತ್ತು. "ಇನ್ನೂ ಅಗಲವಾಗಿ ಸೀಳಬೇಕಿತ್ತಾ ಸರ್?" ಎಂದು ಕೇಳಿದಳು.

ಆಸಿಲೋಸ್ಕೋಪಿನ ಪ್ರೋಬಿನ ತುದಿಯನ್ನು ಒಂದು ದ್ವೀಪಕ್ಕೂ, ಅದರ ಕ್ಲಿಪ್ಪನ್ನು ಇನ್ನೊಂದಕ್ಕೂ ಇಟ್ಟೆವು. ಎರಡೂ ಗ್ರೌಂಡೇ; ಪರದೆಯ ಮೇಲೆ ನೇರ ಗೆರೆ ಇರಬೇಕಿತ್ತು. ಕ್ಲಾಕಿನ ಪ್ರತಿ ಹೊಡೆತಕ್ಕೂ ಒಂದೊಂದು ಮುಳ್ಳು ಎದ್ದು ಬೀಳುತ್ತಿತ್ತು. ಬೆಸುಗೆ ತೆಗೆಯಲು ಬಳಸುವ ತಾಮ್ರದ ಹೆಣಿಗೆಯ ಒಂದು ಸಣ್ಣ ತುಂಡನ್ನು, ಆ ನಾಲ್ಕು ಗೆರೆಗಳು ದಾಟುವ ಜಾಗದ ಕೆಳಗೇ, ಸೀಳಿಗೆ ಅಡ್ಡಲಾಗಿ ಇಟ್ಟು ಬೆಸೆದೆ. ಮುಳ್ಳುಗಳು ಕುಗ್ಗಿದವು. ಅಂಕಿಯ ಕುಣಿತ ಮೂರು ನಾಲ್ಕು ಮೆಟ್ಟಿಲಿಗೆ ಇಳಿಯಿತು. ಅವಳು ಪರದೆಯನ್ನೂ ಆ ತಾಮ್ರದ ತುಂಡನ್ನೂ ಬಹಳ ಹೊತ್ತು ನೋಡುತ್ತ ನಿಂತಳು.

ಅಲ್ಲಿ ನಡೆದದ್ದು ಇದು. ಕರೆಂಟಿಗೆ ಎರಡು ಸ್ವಭಾವ. ನಿಧಾನವಾಗಿ ಬದಲಾಗುವ ಕರೆಂಟು, ಡೇರಿಯ ಪ್ರಿಂಟರಿನದರಂಥದ್ದು, ರೋಧ ಕಡಿಮೆಯಿರುವ ದಾರಿಗಳಲ್ಲೆಲ್ಲ ಹರಡಿಕೊಂಡು ಮರಳುತ್ತದೆ. ಬಯಲಿನಲ್ಲಿ ನೀರು ಹರಡಿದಂತೆ. ನ್ಯಾನೋಸೆಕೆಂಡುಗಳಲ್ಲಿ ಬದಲಾಗುವ ಡಿಜಿಟಲ್ ಕರೆಂಟು ಹಾಗಲ್ಲ. ಅದಕ್ಕೆ ರೋಧಕ್ಕಿಂತ ಇಂಡಕ್ಟೆನ್ಸ್ ದೊಡ್ಡ ತಡೆ. ಹೋಗುವ ದಾರಿಗೂ ಬರುವ ದಾರಿಗೂ ನಡುವಿನ ಜಾಗ ಕಿರಿದಾದಷ್ಟೂ ಇಂಡಕ್ಟೆನ್ಸ್ ಕಮ್ಮಿ. ಆದ್ದರಿಂದ ಆ ಕರೆಂಟು ತಾನು ಹೋದ ಗೆರೆಯ ನೇರ ಕೆಳಗೇ, ಗ್ರೌಂಡ್ ಪದರದಲ್ಲಿ, ನೆರಳಿನಂತೆ ಹಿಂಬಾಲಿಸಿ ಮರಳುತ್ತದೆ. ಗೆರೆ ಬಾಗಿದರೆ ಇದೂ ಬಾಗುತ್ತದೆ, ಅಡ್ಡದಾರಿ ಇದ್ದರೂ ಹಿಡಿಯುವುದಿಲ್ಲ. ಗೆರೆಗೂ ಗ್ರೌಂಡ್ ಪದರಕ್ಕೂ ಇರುವ ಅಂತರದ ಮೂರರಷ್ಟು ಎಡಕ್ಕೆ, ಮೂರರಷ್ಟು ಬಲಕ್ಕೆ ಅಳೆದರೆ ಮರಳುವ ಕರೆಂಟಿನ ನೂರಕ್ಕೆ ಎಂಬತ್ತು ಪಾಲು ಅದರೊಳಗೇ ಇರುತ್ತದೆ. ನಾಲ್ಕು ಪದರದ ಬೋರ್ಡಿನಲ್ಲಿ ಆ ಅಂತರ 0.2 ಮಿಲಿಮೀಟರ್ ಇದ್ದರೆ, ಕರೆಂಟಿನ ಬಹುಪಾಲು ಗೆರೆಯ ಅಕ್ಕಪಕ್ಕ 0.6 ಮಿಲಿಮೀಟರಿನೊಳಗೆ ಅಡಗಿತು. 1.6 ಮಿಲಿಮೀಟರ್ ದಪ್ಪದ ಎರಡು ಪದರದ ಬೋರ್ಡಿನಲ್ಲಿ ಅದೇ ಸುಮಾರು 5 ಮಿಲಿಮೀಟರ್.

ಅಂದರೆ ಚಂಡೆಯ ಸದ್ದು ಗೋಡೆ ಕಟ್ಟದೆಯೇ ತನ್ನ ಓಣಿಯಲ್ಲಿ ಉಳಿಯಲು ಸಿದ್ಧವಿತ್ತು. ವಿದ್ಯಾರ್ಥಿನಿ ಆ ಓಣಿಯನ್ನೇ ಸೀಳಿಬಿಟ್ಟಿದ್ದಳು. ಸೀಳು ಅಡ್ಡ ಬಂದಾಗ ಕರೆಂಟು ಪವರ್ ಮೂಲೆಯವರೆಗೆ ಆರು ಸೆಂಟಿಮೀಟರ್ ಸುತ್ತಿ, ಅನಲಾಗ್ ದ್ವೀಪದೊಳಗೆ ಹಾದು ಬರಬೇಕಾಯಿತು. ಕೆಳಗೆ ಗ್ರೌಂಡ್ ಪದರವಿಲ್ಲದ ತೆಳು ಗೆರೆಗೆ ಒಂದು ಸೆಂಟಿಮೀಟರಿಗೆ ಸುಮಾರು 10 ನ್ಯಾನೋಹೆನ್ರಿ ಇಂಡಕ್ಟೆನ್ಸ್. 50 ಮಿಲಿಆಂಪಿಯರ್ ಕರೆಂಟು 2 ನ್ಯಾನೋಸೆಕೆಂಡಿನಲ್ಲಿ ಬದಲಾದರೆ ಅಷ್ಟಕ್ಕೇ ಕಾಲು ವೋಲ್ಟ್ ಹುಟ್ಟುತ್ತದೆ. 38 ಮೈಕ್ರೋವೋಲ್ಟ್ ಎಣಿಸಲು ಕೂತ ಚಿಪ್ಪಿನ ಪಕ್ಕದಲ್ಲಿ ಇಂಥ ಹೊಡೆತ ಬೇಡ. ಜೊತೆಗೆ, ಹೋಗುವ ದಾರಿಯೂ ಬರುವ ದಾರಿಯೂ ದೂರವಾಗಿ ದೊಡ್ಡ ಕುಣಿಕೆಯಾದರೆ ಅದು ಆಂಟೆನಾದಂತೆ ಸುತ್ತಲಿಗೂ ಗದ್ದಲ ಹರಡುತ್ತದೆ.

ಹಾಗಾದರೆ ಚಿಪ್ ಮಾಡುವವರು ಎರಡು ಗ್ರೌಂಡ್ ಪಿನ್ ಕೊಟ್ಟು ಎರಡು ಹೆಸರಿಟ್ಟದ್ದೇಕೆ? ಗೊಂದಲದ ಮೂಲ ಇಲ್ಲಿಯೇ ಇದೆ. ಚಿಪ್ಪಿನೊಳಗಿನ ಸಿಲಿಕಾನ್ ತುಣುಕಿನಿಂದ ಹೊರಗಿನ ಪಿನ್ನಿಗೆ ಕೂದಲಿಗಿಂತ ತೆಳ್ಳನೆಯ ತಂತಿ ಇರುತ್ತದೆ. ಒಳಗಿನ ಡಿಜಿಟಲ್ ಭಾಗದ ಕರೆಂಟೂ ಅನಲಾಗ್ ಭಾಗದ ಕರೆಂಟೂ ಆ ಒಂದೇ ತಂತಿಯಲ್ಲಿ ಹಾದರೆ ಡೇರಿಯ ಕಥೆ ಚಿಪ್ಪಿನೊಳಗೇ ನಡೆಯುತ್ತದೆ. ಅದನ್ನು ತಪ್ಪಿಸಲು ಎರಡು ತಂತಿ, ಎರಡು ಪಿನ್. ಪಿನ್ನಿನ ಹೆಸರು ಒಳಗಿನ ಯಾವ ಭಾಗ ಅಲ್ಲಿಗೆ ಸೇರಿದೆ ಎಂದು ಹೇಳುತ್ತದೆ. ಹೊರಗೆ ಎಲ್ಲಿಗೆ ಸೇರಿಸಬೇಕು ಎಂಬ ಆಜ್ಞೆ ಅದರಲ್ಲಿಲ್ಲ. ಹೊರಗೆ ಎರಡನ್ನೂ ಆದಷ್ಟು ಗಿಡ್ಡ ದಾರಿಯಲ್ಲಿ ಒಂದೇ ಗ್ರೌಂಡ್ ಪದರಕ್ಕೆ ಸೇರಿಸಿ ಎಂದು ಅನಲಾಗ್ ಡಿವೈಸಸ್ ಕಂಪನಿಯ ಎಂಜಿನಿಯರುಗಳು ತಮ್ಮ ಟಿಪ್ಪಣಿಗಳಲ್ಲಿ ಬಿಡಿಸಿ ಬರೆದಿದ್ದಾರೆ. ಬೆಲ್ ಲ್ಯಾಬ್ಸಿನಲ್ಲಿ ದುಡಿದ ಹೆನ್ರಿ ಆಟ್ 2001ರಲ್ಲಿ ಮಿಶ್ರ ಬೋರ್ಡುಗಳ ಬಗ್ಗೆ ಬರೆದ ಲೇಖನದಲ್ಲಿ ಹೇಳಿದ್ದೂ ಇದನ್ನೇ: ಗ್ರೌಂಡನ್ನು ಸೀಳಬೇಡಿ, ಬೋರ್ಡಿನ ಮೇಲೆ ಬಿಡಿಭಾಗಗಳ ಜಾಗವನ್ನು ಪಾಲು ಮಾಡಿ, ಅನಲಾಗ್ ಗೆರೆಗಳು ಅನಲಾಗ್ ಪಾಲಿನಲ್ಲೇ, ಡಿಜಿಟಲ್ ಗೆರೆಗಳು ಡಿಜಿಟಲ್ ಪಾಲಿನಲ್ಲೇ ಇರಲಿ.

ಸೀಳುವ ಪದ್ಧತಿ ಕಾರಣವಿಲ್ಲದೆ ಹುಟ್ಟಿದ್ದೂ ಅಲ್ಲ. ಒಂದೇ ಪದರದ ಬೋರ್ಡಿನಲ್ಲಿ ಗ್ರೌಂಡ್ ಎಂಬುದು ತೆಳು ಗೆರೆಗಳ ಜಾಲವಾಗಿದ್ದ ಕಾಲಕ್ಕೆ, ಡಿಜಿಟಲ್ ವೇಗವೂ ಕಡಿಮೆಯಿದ್ದಾಗ, ಎಲ್ಲ ಗ್ರೌಂಡುಗಳನ್ನೂ ಒಂದು ಬಿಂದುವಿಗೆ ನಕ್ಷತ್ರದ ಕಾಲುಗಳಂತೆ ತರುವುದು ಬುದ್ಧಿವಂತಿಕೆಯಾಗಿತ್ತು. ಡೇರಿಯಲ್ಲಿ ನಾವು ಬೇರೆ ತಂತಿ ಎಳೆದದ್ದೂ ಅದೇ ಉಪಾಯ. ಒಂದೇ ಎಡಿಸಿ ಇರುವ ಬೋರ್ಡಿನಲ್ಲಿ ಎರಡು ಗ್ರೌಂಡನ್ನು ಅದರ ಕೆಳಗೇ ಕೂಡಿಸಿ ಕೆಲಸ ಸಾಗಿಸಬಹುದು. ಮೂರು ಎಡಿಸಿ ಬಂದರೆ ಎಲ್ಲಿ ಕೂಡಿಸುತ್ತೀರಿ? ಮೂರು ಕಡೆ ಕೂಡಿಸಿದರೆ ಸೀಳಿದ್ದಕ್ಕೆ ಅರ್ಥವಿಲ್ಲ, ಒಂದು ಕಡೆ ಕೂಡಿಸಿದರೆ ಉಳಿದ ಎರಡಕ್ಕೆ ದಾರಿಯಿಲ್ಲ. ಬೋರ್ಡಿನ ಪದರ ಹೆಚ್ಚಿತು, ಚಿಪ್ಪುಗಳ ವೇಗ ಹೆಚ್ಚಿತು. ಹಳೆಯ ಸಲಹೆ ಮಾತ್ರ ಕಾರಣ ಕಳಚಿಕೊಂಡು ನಿಯಮವಾಗಿ ಪಾಠದ ಟಿಪ್ಪಣಿಗಳಲ್ಲಿ ಉಳಿಯಿತು. ಕಾರಣವಿಲ್ಲದೆ ಕಲಿಸಿದ ನಿಯಮ ಒಳ್ಳೆಯ ವಿದ್ಯಾರ್ಥಿಗಳನ್ನೇ ಹೆಚ್ಚು ಕಾಡುತ್ತದೆ, ಏಕೆಂದರೆ ಅದನ್ನು ಚಾಚೂ ತಪ್ಪದೆ ಪಾಲಿಸುವವರು ಅವರೇ.

ಹಾಗಾಗಿ ಎರಡು ಘಟನೆಗಳೂ ಒಂದಕ್ಕೊಂದು ವಿರುದ್ಧವಲ್ಲ. ಡೇರಿಯಲ್ಲಿ ಹಂಚಿಕೊಂಡ ದಾರಿ ತೊಂದರೆ ಕೊಟ್ಟಿತು, ಲ್ಯಾಬಿನಲ್ಲಿ ಕಡಿದ ದಾರಿ ತೊಂದರೆ ಕೊಟ್ಟಿತು. ಎರಡು ಕಡೆಯೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಈ ಕರೆಂಟು ಯಾವ ದಾರಿಯಲ್ಲಿ ಮರಳುತ್ತಿದೆ? ಆ ಘಟಕದವರು ಮುಂದಿನ ಬೋರ್ಡಿನಲ್ಲಿ ಕೆಳಪದರವನ್ನು ಇಡಿಯಾಗಿ ಗ್ರೌಂಡ್ ಮಾಡಿದರು. ಅದಷ್ಟರಿಂದಲೇ ಸಾಲದು, ಪ್ರಿಂಟರಿನ ನಿಧಾನ ಕರೆಂಟು ಬಯಲಿನಲ್ಲಿ ಹರಡುವಂಥದ್ದು. ಆದ್ದರಿಂದ ಪ್ರಿಂಟರಿನ ಕನೆಕ್ಟರನ್ನು ಪವರ್ ಒಳಬರುವ ಜಾಗದ ಮಗ್ಗುಲಿಗೆ ತಂದರು, ಲೋಡ್ ಸೆಲ್ಲನ್ನೂ ಎಡಿಸಿಯನ್ನೂ ಎದುರು ತುದಿಗೆ ಒಯ್ದರು. ಪ್ರಿಂಟರಿನ ಕರೆಂಟು ಬಂದಲ್ಲೇ ಹತ್ತಿರದಲ್ಲಿ ಮರಳಿಹೋಗುತ್ತದೆ, ಎಡಿಸಿಯ ಕಡೆಗೆ ಹಾಯಲು ಅದಕ್ಕೆ ಕಾರಣವೇ ಇಲ್ಲ. ಸೀಳಿಲ್ಲ, ಗೋಡೆಯಿಲ್ಲ, ಎರಡು ಗ್ರೌಂಡಿಲ್ಲ.

ನಿಜವಾಗಿ ಬೇರೆ ಮಾಡಬೇಕಾದ ಜಾಗಗಳೂ ಇವೆ. ರೋಗಿಯ ಎದೆಗೆ ಅಂಟಿಸುವ ಇಸಿಜಿ ಯಂತ್ರ, ಮೇನ್ಸ್ ವಿದ್ಯುತ್ತಿಗೆ ನೇರ ತಾಗಿಕೊಂಡ ಮೀಟರು, ದೊಡ್ಡ ಮೋಟಾರುಗಳ ನಿಯಂತ್ರಕ. ಅಲ್ಲಿ ಪ್ರಶ್ನೆ ಜೀವದ್ದು. ಅಲ್ಲಿ ಎರಡು ಬದಿಯನ್ನೂ ಪೂರ್ತಿ ಬೇರ್ಪಡಿಸಿ, ಸಂಕೇತವನ್ನು ಆಪ್ಟೋಕಪ್ಲರ್ ಅಥವಾ ಟ್ರಾನ್ಸ್‌ಫಾರ್ಮರ್ ಮೂಲಕ ದಾಟಿಸುತ್ತಾರೆ. ಒಂದೇ ಒಂದು ಗೆರೆಯೂ ನೇರ ದಾಟುವುದಿಲ್ಲ, ಹಾಗಾಗಿ ಸುತ್ತಿ ಬರಬೇಕಾದ ಕರೆಂಟೂ ಇರುವುದಿಲ್ಲ. ಅರ್ಧ ಸೀಳಿ, ಅದರ ಮೇಲೆ ಗೆರೆ ಹಾಯಿಸಿ, ಒಂದು ಮೂಲೆಯಲ್ಲಿ ಕೂಡಿಸುವ ನಡುದಾರಿ ಮಾತ್ರ ನನ್ನ ಅನುಭವದಲ್ಲಿ ಕಾಪಾಡಿದ್ದಕ್ಕಿಂತ ಕಾಡಿಸಿದ್ದೇ ಹೆಚ್ಚು.

ಇನ್ನು ಮುಂದೆ ನನಗೆ ಬರೆಯುವವರಲ್ಲಿ ಒಂದು ಕೋರಿಕೆ. ಬೋರ್ಡ್ ತಯಾರಿಸಲು ಕಳಿಸುವ ಮೊದಲು ಅದರ ನಕ್ಷೆಯನ್ನು ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿಕೊಳ್ಳಿ. ಕೆಂಪು ಪೆನ್ಸಿಲಿನಲ್ಲಿ ಅತಿ ಹೆಚ್ಚು ಕರೆಂಟು ಎಳೆಯುವ ಭಾಗಕ್ಕೆ ಹೋಗುವ ದಾರಿ ಎಳೆಯಿರಿ, ನೀಲಿಯಲ್ಲಿ ಅದು ಮರಳುವ ದಾರಿ. ಆಮೇಲೆ ಅತಿ ವೇಗದ ಡಿಜಿಟಲ್ ಗೆರೆಗೆ ಹಾಗೆಯೇ ಮಾಡಿ. ಕೊನೆಗೆ ಅತಿ ಸಣ್ಣ ಅನಲಾಗ್ ಸಂಕೇತಕ್ಕೆ. ನೀಲಿ ಗೆರೆ ಎಲ್ಲಾದರೂ ಬೆಟ್ಟ ಸುತ್ತುತ್ತಿದ್ದರೆ, ಅಥವಾ ಎರಡು ನೀಲಿ ಗೆರೆಗಳು ಒಂದೇ ಇಕ್ಕಟ್ಟಿನಲ್ಲಿ ನುಗ್ಗುತ್ತಿದ್ದರೆ, ದೋಷ ಹುಟ್ಟುವ ಜಾಗ ಅದೇ. ಆ ಕಾಗದವನ್ನು ನನಗೆ ಕಳಿಸಿ. ಬೇರೆಯೋ ಒಂದೋ ಎಂಬುದಕ್ಕೆ ಉತ್ತರ ಬಹಳ ಸಲ ಅದರ ಮೇಲೆ ನೀವೇ ಬರೆದಿರುತ್ತೀರಿ.

ಹೊಸ ಬೋರ್ಡ್ ಹಾಕಿದ ಮೇಲೆ ಒಮ್ಮೆ ಆ ಡೇರಿಗೆ ಹೋಗಿದ್ದೆ. ಅಜ್ಜಿ ಸಾಲಿನಲ್ಲಿದ್ದರು. ಅವರಿಗಿಂತ ಮೊದಲಿನವರ ಚೀಟಿ ಇನ್ನೂ ಕಿರ್ರೆನ್ನುತ್ತಿತ್ತು. ಅಜ್ಜಿ ತಮ್ಮ ಹಾಲು ಸುರಿಯಲು ಬಿಟ್ಟರು, ಕಣ್ಣು ಮಾತ್ರ ಅಂಕಿಯ ಮೇಲೇ ನೆಟ್ಟಿತ್ತು. ಪ್ರಿಂಟರ್ ನಿಂತಿತು, ಅಂಕಿ ಹಾಗೆಯೇ ಇತ್ತು. ಅವರು ಚೀಟಿ ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಖಾಲಿ ಕ್ಯಾನು ಎತ್ತಿಕೊಂಡು ಮನೆಯ ಕಡೆ ನಡೆದರು.